ಚೀಲಕ್ಕೆ ಯಾವ ಹೊಲಿಗೆ, ಮನೆಗೆ ಯಾವುದು? ಓಡಾಟ ಜಾಸ್ತಿ ಇರುವವರಿಗೆ

ನಮ್ಮ ಮನೆಯ ಬೀರುವಿನ ಮೇಲೆ ಒಂದು ಹಳೇ ಸೂಟ್‌ಕೇಸ್ ಇದೆ. ಅರ್ಧಕ್ಕೆ ನಿಂತ ಕೆಲಸಗಳೆಲ್ಲ ಅದರೊಳಗೆ. ಒಂದು ತೋಳಿಲ್ಲದ ಸ್ವೆಟರ್, ಮೂರು ಗೋಪುರ ಮುಗಿದು ನಾಲ್ಕನೆಯದರಲ್ಲಿ ಎಣಿಕೆ ತಪ್ಪಿದ ಕಸೂತಿ ಬ್ಲೌಸ್ ಪೀಸ್, ಅಜ್ಜಿಯ ಹತ್ತಿ ಸೀರೆಗಳನ್ನು ಪದರ ಹಾಕಿ ಶುರು ಮಾಡಿದ ದೊಡ್ಡ ಕೌದಿ. ಯಾವುದೂ ಕಷ್ಟ ಅಂತ ನಿಂತದ್ದಲ್ಲ. ಮನೆಯಲ್ಲೇ ಇರಬೇಕಾದ ಕೆಲಸವನ್ನು ರೈಲಿಗೆ ಹೊತ್ತುಕೊಂಡು ಹೋದೆ, ರೈಲಿನಲ್ಲಿ ಆರಾಮಾಗಿ ಆಗುವಂಥದ್ದನ್ನು ಭಾನುವಾರಕ್ಕೆ ಅಂತ ಎತ್ತಿಟ್ಟೆ, ಅಷ್ಟೇ.

ನಾನು ಇರುವುದು ತುಮಕೂರಿನಲ್ಲಿ, ಕೆಲಸ ಯಶವಂತಪುರದ ಹತ್ತಿರ. ವಾರಕ್ಕೆ ಐದು ದಿನ ರೈಲು. ತಿಂಗಳಿಗೊಮ್ಮೆ ಆಫೀಸಿನ ಕೆಲಸಕ್ಕೆ ದಾವಣಗೆರೆ ಅಥವಾ ಹುಬ್ಬಳ್ಳಿ. ಎರಡು ವಾರಕ್ಕೊಮ್ಮೆ ಮಧುಗಿರಿಗೆ, ಅಮ್ಮನನ್ನು ನೋಡಲು, ಬಸ್ಸಿನಲ್ಲಿ. ವರ್ಷಕ್ಕೊಂದು ಸಲ ಪುಣೆಗೆ, ಮಗಳ ಮನೆಗೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಸೂಜಿ ದಾರ ಯಾಕೆ ಹಿಡಿದುಕೊಂಡೆ ಅಂತ ಮನೆಯವರು ಕೇಳುತ್ತಾರೆ. ಕೂತು ಹೊಲಿಯಲು ಮನೆಯಲ್ಲಿ ನನಗೆ ಸಿಗುವ ಸಮಯಕ್ಕಿಂತ ರೈಲಿನಲ್ಲಿ ಸಿಗುವುದೇ ಜಾಸ್ತಿ, ಅದಕ್ಕೆ.

ಹಾಗಾಗಿ ನನ್ನಂತೆ ಓಡಾಡುವವರು ಯಾವ ಕೈಕೆಲಸ ಹಿಡಿದರೆ ಅದು ಮುಗಿಯುತ್ತದೆ ಅಂತ ನೋಡೋಣ. ಯಾವುದು ಚೆಂದ ಅನ್ನುವುದು ಬೇರೆ ಮಾತು. ಎಲ್ಲವೂ ಚೆಂದವೇ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಕ್ಯಾತಸಂದ್ರದಲ್ಲಿ ಒಬ್ಬ ತಾಯಿ ಮಗು ಎತ್ತಿಕೊಂಡು ಹತ್ತುತ್ತಾಳೆ, ನಾನು ಎದ್ದು ಜಾಗ ಕೊಡಬೇಕು. ಆಗ ಕೈಯಲ್ಲಿರುವುದನ್ನು ಎಷ್ಟು ಬೇಗ ಚೀಲಕ್ಕೆ ತುರುಕಬಹುದು? ಮತ್ತೆ ದಾಬಸ್‌ಪೇಟೆಯಲ್ಲಿ ಸೀಟು ಸಿಕ್ಕಿ ತೆಗೆದಾಗ, ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದಾ? ಚೀಲವೇ ಕಳೆದುಹೋದರೆ ಎಷ್ಟು ದಿನ ಅಳಬೇಕಾಗುತ್ತದೆ? ಈ ಪರೀಕ್ಷೆಯಲ್ಲಿ ಬಹಳ ಕೆಲಸಗಳು ಫೇಲು.

ಮೊದಲು ಕೌದಿಯ ಮಾತು

ಕೌದಿಯನ್ನು ನಮ್ಮ ಕಡೆ ಕೆಲವರು ಬೊಂತೆ ಅಂತಲೂ ಕರೆಯುತ್ತಾರೆ. ಹಳೇ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ರನ್ನಿಂಗ್ ಸ್ಟಿಚ್ ಹಾಕುವುದು. ಹತ್ತಿ ತುಂಬುವುದಿಲ್ಲ, ಬಟ್ಟೆಯೇ ಎಲ್ಲ. ಹೊಲಿಗೆ ಸುಲಭ, ಹತ್ತು ವರ್ಷದ ಹುಡುಗಿಗೂ ಬರುತ್ತದೆ. ಕಷ್ಟ ಇರುವುದು ಗಾತ್ರದಲ್ಲಿ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಯನ್ನು ಹಾಸಲು ನಡುಮನೆ ಪೂರ್ತಿ ಬೇಕು. ಅದನ್ನು ಹೊಲಿಯುವಾಗ ತೊಡೆ ಮೇಲೆ ಅರ್ಧ, ನೆಲದ ಮೇಲೆ ಅರ್ಧ.

ಇದನ್ನು ನಾನು ಮಡಿಸಿ ಬಟ್ಟೆ ಅಂಗಡಿಯ ದೊಡ್ಡ ಚೀಲದಲ್ಲಿ ತುಂಬಿಕೊಂಡು ರೈಲಿಗೆ ಹೋಗಿದ್ದೆ. ಎರಡು ದಿನ. ಮೊದಲನೇ ದಿನ ಎದುರಿಗೆ ಕೂತಿದ್ದ ಹುಡುಗ, "ಏನಕ್ಕಾ ಇದು, ರೈಲಲ್ಲೇ ಮಲಗ್ತೀರಾ?" ಅಂದ. ಎರಡನೇ ದಿನ ಅದರ ಒಂದು ಮೂಲೆ ಸೀಟಿನ ಕೆಳಗೆ ಇಳಿದು, ಯಾರೋ ಚೆಲ್ಲಿದ ಟೀ ಎಲ್ಲ ಕುಡಿದುಕೊಂಡಿತ್ತು. ಅವತ್ತಿನಿಂದ ಅದು ಸೂಟ್‌ಕೇಸಿನೊಳಗೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿದವರಿಗೆ ಅದೇ ಬೇಕು ಅನಿಸುತ್ತದೆ. ಅಷ್ಟು ಚೆಂದ. ಆದರೆ ಅದರ ಕ್ರಮವೇ ಬೇರೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ತುಂಡು ಮಡಿಸಿ ಹೊಲಿಯುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ಹೂವು. ಅದನ್ನು ಫೂಲ ಅನ್ನುತ್ತಾರೆ. ಅಂದರೆ ಶುರುವಿನಿಂದ ಕೊನೆಯವರೆಗೂ ಇಡೀ ಕೌದಿ ಮಡಿಲಲ್ಲಿ ಇರಲೇಬೇಕು. ಬಿಡಿಸಿ ತುಂಡು ಮಾಡುವ ಹಾಗಿಲ್ಲ. ಊರಲ್ಲಿ ನಿಂತು ಬದುಕುವವರ ಹೊಲಿಗೆ ಅದು. ನಿವೃತ್ತಿ ಆದ ಮೇಲೆ ನಾನೂ ಕಲಿಯಬೇಕು ಅಂದುಕೊಂಡಿದ್ದೇನೆ.

ಹಾಗಾದರೆ ಓಡಾಡುವವರಿಗೆ ಕೌದಿ ಬೇಡವೇ? ಬೇಕು. ತುಂಡು ತುಂಡಾಗಿ.

ತುಂಡು ಕೌದಿಯೋ, ಆರು ಮೂಲೆಯ ಚೂರೋ

ಇಲ್ಲಿ ಎರಡು ದಾರಿ ಇವೆ. ಎರಡನ್ನೂ ನಾನು ಮಾಡಿದ್ದೇನೆ, ಲೆಕ್ಕ ಹಾಕಿ ಹೇಳುತ್ತೇನೆ.

ಮೊದಲನೆಯದು ಚೌಕದ ದಾರಿ. ಮೂರು ಪದರ ಬಟ್ಟೆಯನ್ನು 13 ಇಂಚಿನ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕವನ್ನೂ ಪುಟ್ಟ ಕೌದಿಯಂತೆ ಪೂರ್ತಿ ಹೊಲಿದುಬಿಡುವುದು. ಸುತ್ತ ಒಂದೊಂದು ಇಂಚು ಹೊಲಿಯದೆ ಬಿಡಬೇಕು. ಆಮೇಲೆ ಮನೆಯಲ್ಲಿ ಮಶೀನಿನಲ್ಲಿ ಜೋಡಿಸುವಾಗ ಅರ್ಧ ಅರ್ಧ ಇಂಚು ಒಳಗೆ ಹೋಗಿ ಚೌಕ 12 ಇಂಚಿಗೆ ನಿಲ್ಲುತ್ತದೆ. ಅಗಲಕ್ಕೆ ಐದು, ಉದ್ದಕ್ಕೆ ಏಳು, ಒಟ್ಟು 35 ಚೌಕ ಆದರೆ ಐದು ಅಡಿಗೆ ಏಳು ಅಡಿ ಕೌದಿ ಆಯಿತು. ಜೋಡಿಸಿದ ಗೆರೆ ಹಿಂದೆ ಮುಂದೆ ಕಾಣಬಾರದು ಅಂದರೆ ಹಳೇ ಸೀರೆಯ ಅಂಚನ್ನೇ ಪಟ್ಟಿ ಮಾಡಿ ಅದರ ಮೇಲೆ ಹೊಲಿಯಿರಿ. ಸೀರೆ ಹರಿದರೂ ಅಂಚು ಗಟ್ಟಿ ಇರುತ್ತದೆ ಅಲ್ವಾ, ಅದಕ್ಕೆ ಒಂದು ಕೆಲಸ ಸಿಕ್ಕಿತು.

ಒಂದು ಚೌಕದಲ್ಲಿ ಹೊಲಿಯುವ ಜಾಗ 11 ಇಂಚು. ಅರ್ಧ ಇಂಚಿಗೊಂದು ಸಾಲು ಹಾಕಿದರೆ 23 ಸಾಲು. ಒಟ್ಟು 253 ಇಂಚು, ಅಂದರೆ 21 ಅಡಿ ಹೊಲಿಗೆ. ಬೆಳಿಗ್ಗೆ ಸೀಟು ಸಿಕ್ಕರೆ ನನಗೆ ಐದಾರು ಸಾಲು ಆಗುತ್ತದೆ. ಸಂಜೆ ಸೋಲದೇವನಹಳ್ಳಿ ದಾಟುವವರೆಗೂ ನಿಂತೇ ಬರಬೇಕಾದ್ದರಿಂದ ಎರಡು ಮೂರು ಸಾಲು. ಮೂರು ದಿನಕ್ಕೆ ಒಂದು ಚೌಕ. ಹಾಗೆ 35 ಚೌಕಕ್ಕೆ 105 ಕೆಲಸದ ದಿನ, ಹತ್ತಿರ ಹತ್ತಿರ ಐದು ತಿಂಗಳು. ಹಬ್ಬ, ಜ್ವರ, ಬಂದ್ ಎಲ್ಲ ಸೇರಿಸಿ ನನಗೆ ಏಳು ತಿಂಗಳಾಯಿತು. ಅದು ಮುಗಿಯಿತು ಅನ್ನುವುದು ಮುಖ್ಯ.

ಇದರ ದೊಡ್ಡ ಗುಣ ದಾರದಲ್ಲಿದೆ. ಒಂದು ಮೊಳ ದಾರ ಒಂದು ಸಾಲಿಗೆ ಸರಿಯಾಗುತ್ತದೆ. ಸಾಲು ಮುಗಿದಾಗ ಗಂಟು, ಮುಂದಿನ ಸಾಲಿಗೆ ಹೊಸ ದಾರ. ಯಾವಾಗ ಎದ್ದರೂ ನೀವು ಒಂದು ಸಾಲಿನ ನಡುವೆ ಇರುತ್ತೀರಿ, ಅಷ್ಟೇ. ಸೂಜಿಯನ್ನು ಬಟ್ಟೆಗೇ ಚುಚ್ಚಿ, ಮಡಿಸಿ, ಚೀಲಕ್ಕೆ. ಎರಡು ವಾರ ಬಿಟ್ಟು ತೆಗೆದರೂ ಸೂಜಿ ನಿಂತ ಜಾಗವೇ ನಿಮ್ಮ ಜಾಗ. ಎಣಿಕೆ ಇಲ್ಲ, ನಕ್ಷೆ ಇಲ್ಲ. ಚೌಕ ಕಳೆದುಹೋದರೂ ಮೂರು ದಿನದ ಕೆಲಸ ಹೋಯಿತು, ಇಡೀ ಕೌದಿ ಹೋಗಲಿಲ್ಲ.

ಎರಡನೆಯದು ಆರು ಮೂಲೆಯ ಚೂರುಗಳ ದಾರಿ. ಇಂಗ್ಲಿಷ್ ಪೇಪರ್ ಪೀಸಿಂಗ್ ಅಂತ ಇದಕ್ಕೆ ಹೆಸರು. ದಪ್ಪ ಕಾಗದವನ್ನು ಆರು ಮೂಲೆಯಾಗಿ ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಿಸಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಚೂರಿಗೆ ಚೂರು ಅಂಚಿನಲ್ಲಿ ಸುತ್ತು ಹೊಲಿಗೆಯಿಂದ ಸೇರಿಸುವುದು. ಸುತ್ತಲೂ ಚೂರು ಸೇರಿದ ಮೇಲೆ ಕಾಗದ ಎಳೆದು ತೆಗೆದು, ಬೇರೆ ಚೂರಿಗೆ ಬಳಸಬಹುದು. ಕಾಗದಕ್ಕೆ ದುಡ್ಡು ಕೊಡಬೇಡಿ. ಮದುವೆ ಲಗ್ನಪತ್ರಿಕೆಗಳು ಮನೆಯಲ್ಲಿ ರಾಶಿ ಬಿದ್ದಿರುತ್ತವೆ. ಆ ದಪ್ಪವೇ ಸರಿ. ಗಣಪತಿ ಚಿತ್ರ ಇರುವ ಭಾಗ ಕತ್ತರಿಸಲು ನನಗೆ ಮನಸ್ಸು ಬರುವುದಿಲ್ಲ, ಅದನ್ನು ಬಿಟ್ಟು ಉಳಿದದ್ದು.

ಚೀಲದ ದೃಷ್ಟಿಯಿಂದ ಇದನ್ನು ಮೀರಿಸಿದ್ದಿಲ್ಲ. ಒಂದು ಹಳೇ ಊಟದ ಡಬ್ಬಿಯಲ್ಲಿ ಹದಿನೈದು ದಿನದ ಕೆಲಸ ಹಿಡಿಸುತ್ತದೆ. ನಿಂತುಕೊಂಡೂ ಮಾಡಬಹುದು. ಆದರೆ ಯಾರೂ ಮೊದಲೇ ಹೇಳದ ಲೆಕ್ಕ ಒಂದಿದೆ. ಬದಿ ಒಂದು ಇಂಚಿನ ಆರು ಮೂಲೆಯ ಚೂರಿನ ಜಾಗ ಸುಮಾರು 2.6 ಚದರ ಇಂಚು. ಐದು ಅಡಿಗೆ ಏಳು ಅಡಿ ಹೊದಿಕೆಗೆ ಅಂಥವು ಸುಮಾರು 1,940 ಬೇಕು. ಒಂದೊಂದಕ್ಕೂ ಆರು ಬದಿ, ಎರಡು ಚೂರಿಗೆ ಒಂದು ಅಂಚು, ಹಾಗಾಗಿ ಸೇರಿಸಬೇಕಾದ ಅಂಚುಗಳು ಐದೂವರೆ ಸಾವಿರದ ಮೇಲೆ. ಇಷ್ಟೆಲ್ಲ ಆದ ಮೇಲೂ ಬರುವುದು ಮೇಲಿನ ಪದರ ಮಾತ್ರ, ಒಳಗಿನದು ಕೆಳಗಿನದು ಸೇರಿಸಿ ಹೊಲಿಯುವ ಕೆಲಸ ಹಾಗೇ ಕಾದು ಕೂತಿರುತ್ತದೆ. ಬದಿ ಎರಡು ಇಂಚು ಮಾಡಿಕೊಂಡರೆ ಚೂರು 485ಕ್ಕೆ ಇಳಿಯುತ್ತದೆ, ಕಾಲು ಭಾಗ. ಆದರೂ ವರ್ಷಗಟ್ಟಲೆಯ ಮಾತು.

ನನ್ನ ಅಭಿಪ್ರಾಯ ಕೇಳಿದರೆ, ಹೊದ್ದುಕೊಳ್ಳಲು ಕೌದಿ ಬೇಕಾದವರು ಚೌಕ ಹಿಡಿಯಿರಿ. ದಿಂಬಿನ ಕವರು, ಟೇಬಲ್ ಬಟ್ಟೆ, ಚೀಲದ ಮುಂಭಾಗ ಇಂಥದ್ದಕ್ಕೆ ಆರು ಮೂಲೆ ಸಾಕು. ಇಲ್ಲವೇ ಮುಗಿಯುವ ಆತುರವೇ ಇಲ್ಲದವರು, ಕೈ ಸುಮ್ನೆ ಇರಬಾರದು ಅನ್ನುವವರು ಆರು ಮೂಲೆ ಹಿಡಿಯಲಿ. ನನಗೆ ಆತುರ ಜಾಸ್ತಿ.

ಮನೆಯಲ್ಲಿ ಯಾರಿಗಾದರೂ ಮಗು ಆಗುವುದಿದ್ದರೆ ಒಂಬತ್ತೇ ಚೌಕ ಸಾಕು. ಮೂರು ಅಡಿಗೆ ಮೂರು ಅಡಿ, ಕೂಸಿನ ಕೌದಿ. ಒಂದೂವರೆ ತಿಂಗಳೊಳಗೆ ಮುಗಿಯುತ್ತದೆ. ಮೊದಲ ಸಲ ಮಾಡುವವರು ಇಲ್ಲಿಂದಲೇ ಶುರು ಮಾಡಿ. ಬಟ್ಟೆ ಮಾತ್ರ ಪೂರ್ತಿ ಹತ್ತಿಯದೇ ಇರಲಿ, ಮೊದಲೇ ಒಗೆದು ಒಣಗಿಸಿ ಕತ್ತರಿಸಿ. ಒಗೆಯದ ಹೊಸ ಹತ್ತಿ ಬಟ್ಟೆ ಆಮೇಲೆ ಕುಗ್ಗಿ ಚೌಕ ಮುದುಡಿಕೊಳ್ಳುತ್ತದೆ. ಕೆಂಪು ಬಣ್ಣವಂತೂ ಪಕ್ಕದ ಬಿಳಿಗೆ ಹತ್ತಿಕೊಂಡು ಬಿಡುತ್ತದೆ.

ಕ್ರೋಶ ಮತ್ತು ಸ್ವೆಟರ್ ಕಡ್ಡಿ

ಎರಡೂ ಉಲ್ಲನ್ನೇ, ಎರಡೂ ಒಂದೇ ಅಂತ ನಾನು ಅಂದುಕೊಂಡಿದ್ದೆ. ಓಡಾಟದ ವಿಷಯದಲ್ಲಿ ಅಜಗಜಾಂತರ.

ಸ್ವೆಟರ್ ಹಾಕುವಾಗ ಕಡ್ಡಿಯ ಮೇಲೆ ಅಷ್ಟೂ ಕುಣಿಕೆಗಳು ಜೀವಂತ ಇರುತ್ತವೆ. ಎಂಬತ್ತು ಕುಣಿಕೆ ಇದ್ದರೆ ಎಂಬತ್ತೂ. ಕಡ್ಡಿ ಜಾರಿತೋ, ಅಷ್ಟೂ ಬಿಚ್ಚಿಕೊಳ್ಳುತ್ತವೆ. ನನ್ನ ಸ್ವೆಟರಿನ ಎಡ ತೋಳಿಗೆ ಆದದ್ದು ಅದೇ. ನಿಡವಂದ ಹತ್ತಿರ ರೈಲು ಬ್ರೇಕ್ ಹಾಕಿದ್ದಕ್ಕೆ ಕಡ್ಡಿ ಒಂದು ಕಡೆ, ನಾನು ಒಂದು ಕಡೆ. ಉದ್ದ ಕಡ್ಡಿಯಿಂದ ಪಕ್ಕದವರ ಪಕ್ಕೆಗೆ ತಿವಿಯುವುದು ಬೇರೆ. ವೈರಿನಿಂದ ಸೇರಿಸಿದ ಜೋಡಿ ಕಡ್ಡಿ ಬರುತ್ತದೆ, ಸರ್ಕ್ಯುಲರ್ ಅನ್ನುತ್ತಾರೆ, ಸ್ವೆಟರೇ ಬೇಕು ಅನ್ನುವವರು ಅದನ್ನು ಕೊಳ್ಳಿ. ಕುಣಿಕೆಗಳನ್ನು ವೈರಿನ ಮೇಲೆ ತಳ್ಳಿ ಇಟ್ಟರೆ ಬೀಳುವುದಿಲ್ಲ.

ಕ್ರೋಶದಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ಯಾವಾಗಲೂ ಜೀವಂತ ಇರುವುದು ಒಂದೇ ಕುಣಿಕೆ. ಅದನ್ನು ಸ್ವಲ್ಪ ದೊಡ್ಡದು ಮಾಡಿ ಒಂದು ಸೇಫ್ಟಿ ಪಿನ್ ಸಿಕ್ಕಿಸಿದರೆ ಮುಗಿಯಿತು, ಚೀಲವನ್ನು ಉರುಳಿಸಿದರೂ ಏನೂ ಆಗುವುದಿಲ್ಲ. ಬಿಚ್ಚಿಕೊಂಡರೂ ನಾಲ್ಕು ಮನೆ ಬಿಚ್ಚೀತು. ಸೂಜಿ ಇಲ್ಲ, ಚುಚ್ಚುವ ಭಯ ಇಲ್ಲ, ಕಡ್ಡಿ ಒಂದೇ, ಬೆಳಕು ಕಮ್ಮಿ ಇದ್ದರೂ ಕೈಗೆ ಅಂದಾಜು ಸಿಗುತ್ತದೆ. ಹಾಗಾಗಿ ನನ್ನ ಪ್ರಕಾರ ಬಸ್ಸಿನಲ್ಲಿ ಏನಾದರೂ ಮಾಡಲೇಬೇಕು ಅಂದರೆ ಕ್ರೋಶ ಒಂದೇ. ಒಂದೇ ತೊಂದರೆ, ಉಂಡೆ ಉರುಳುತ್ತದೆ. ಮೂರು ಸೀಟು ಆಚೆ ಒಬ್ಬರ ಚಪ್ಪಲಿಗೆ ಸುತ್ತಿಕೊಂಡ ನೂಲನ್ನು ಬಿಡಿಸಿಕೊಳ್ಳುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿ ಉಂಡೆ ಇಟ್ಟು ನೂಲಿನ ತುದಿಯನ್ನು ಮಾತ್ರ ಹೊರಗೆ ಎಳೆದುಕೊಳ್ಳಿ.

ಕ್ರೋಶದಲ್ಲೂ ಪೂರ್ತಿ ಹೊದಿಕೆ ಬೇಡ. ಅಂಗೈ ಅಗಲದ ಚೌಕಗಳು ಸಾಕು, ಜೋಡಿಸುವುದು ಮನೆಯಲ್ಲಿ.

ಕಸೂತಿ, ಕ್ರಾಸ್ ಸ್ಟಿಚ್

ಇಲ್ಲಿ ಬೇಜಾರಿನ ಮಾತು ಹೇಳಬೇಕು. ನನಗೆ ಎಲ್ಲಕ್ಕಿಂತ ಇಷ್ಟ ಕಸೂತಿ. ಓಡುವ ರೈಲಿಗೆ ಎಲ್ಲಕ್ಕಿಂತ ಹೊಂದದ್ದೂ ಅದೇ.

ಧಾರವಾಡ ಕಡೆಯ ಈ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗಿ, ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತಾ ವಾಪಸ್ ಬರಬೇಕು, ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಗೋಪುರದ ತುದಿಗೆ ಹೋಗಿ ವಾಪಸ್ ಬರುವಾಗ ಟಿಕೆಟ್ ಕೇಳುವವರು ಬಂದರು ಅಂದುಕೊಳ್ಳಿ. ಪಾಸ್ ತೋರಿಸಿ ಮತ್ತೆ ನೋಡಿದರೆ ಯಾವ ಕವಲಿನಲ್ಲಿದ್ದೆ, ಹೋಗುತ್ತಿದ್ದೆನೋ ಬರುತ್ತಿದ್ದೆನೋ ಗೊತ್ತಾಗುವುದಿಲ್ಲ. ಒಂದು ಎಳೆ ತಪ್ಪಿದರೆ ಹತ್ತು ಹೊಲಿಗೆ ಆದ ಮೇಲೆ ಗೊತ್ತಾಗುತ್ತದೆ, ಬಿಚ್ಚುವಾಗ ಅಳು ಬರುತ್ತದೆ.

ಕ್ರಾಸ್ ಸ್ಟಿಚ್ ಸ್ವಲ್ಪ ವಾಸಿ. ಅದರ ಬಟ್ಟೆಯಲ್ಲೇ ಚೌಕಗಳು ಎದ್ದು ಕಾಣುತ್ತವೆ. 14 ಕೌಂಟ್ ಅಂದರೆ ಇಂಚಿಗೆ 14 ಚೌಕ, ಒಂದು ಚದರ ಇಂಚಿಗೆ 196 ಕತ್ತರಿ ಹೊಲಿಗೆ. ಹತ್ತು ಹತ್ತು ಚೌಕಕ್ಕೆ ಒಂದು ಗೆರೆ, ನೀರಿಗೆ ಹೋಗುವ ಪೆನ್ನಿನಲ್ಲಿ ಮನೆಯಲ್ಲೇ ಎಳೆದುಕೊಂಡು ಹೋದರೆ ಎಣಿಕೆ ಅಷ್ಟು ತಪ್ಪುವುದಿಲ್ಲ. ಒಂದೇ ಬಣ್ಣದ ದೊಡ್ಡ ಭಾಗ ತುಂಬುವ ಕೆಲಸವನ್ನು ರೈಲಿಗೆ ಇಟ್ಟುಕೊಳ್ಳಿ. ಬಣ್ಣ ಬದಲಾಗುವ ಅಂಚು, ಮುಖ, ಕಣ್ಣು, ಮೂಗು ಎಲ್ಲ ಮನೆಗೆ. ರಿಂಗ್ ಹಾಕಿ ಹೊಲಿಯುವವರು ಚೀಲಕ್ಕೆ ಇಡುವ ಮೊದಲು ರಿಂಗ್ ಬಿಚ್ಚಿ, ಇಲ್ಲದಿದ್ದರೆ ಆ ವೃತ್ತದ ಗುರುತು ಇಸ್ತ್ರಿಗೂ ಬಗ್ಗುವುದಿಲ್ಲ.

ಕಸೂತಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಹುಬ್ಬಳ್ಳಿಗೆ ಹೋದಾಗ ರಾತ್ರಿ ಲಾಡ್ಜಿನ ರೂಮಿನಲ್ಲಿ ಕೂತು ಮಾಡುತ್ತೇನೆ. ಟಿವಿ ಬಂದ್, ಫೋನ್ ಚಾರ್ಜಿಗೆ, ಟೇಬಲ್ ಲೈಟ್ ಹತ್ತಿರ. ಪ್ರಯಾಣ ಅಂದರೆ ಬರೀ ಗಾಡಿಯಲ್ಲ. ಹೋದ ಊರಿನ ಸಂಜೆಗಳೂ ಅದರಲ್ಲಿ ಸೇರುತ್ತವೆ. ಅಂಥ ಸಂಜೆಗಳು ಜಾಸ್ತಿ ಇರುವ ಕೆಲಸ ನಿಮ್ಮದಾದರೆ ನನ್ನ ಮಾತು ಬಿಡಿ, ಕಸೂತಿಯನ್ನೇ ಹಿಡಿಯಿರಿ.

ಸೀರೆ ಕುಚ್ಚು

ದುಡ್ಡು ಬರುವ ಕೆಲಸ ಇದೊಂದೇ, ಅದಕ್ಕೆ ಆಸೆ ಜಾಸ್ತಿ. ಮದುವೆ ಕಾಲ ಬಂತು ಅಂದರೆ ಬೀದಿಯವರೆಲ್ಲ ಸೀರೆ ಹಿಡಿದು ಬರುತ್ತಾರೆ. ಒಂದು ಸಲ ಪಕ್ಕದ ಮನೆಯವರ ರೇಷ್ಮೆ ಸೀರೆಯನ್ನು, ನಾಳೆಗೇ ಬೇಕು ಅಂದರು ಅಂತ, ರೈಲಿಗೆ ತೆಗೆದುಕೊಂಡು ಹೋದೆ. ಸೆರಗನ್ನು ಬಿಳಿ ಟವೆಲಿನಲ್ಲಿ ಸುತ್ತಿ ಬಹಳ ಜೋಪಾನವಾಗಿಯೇ ಮಾಡುತ್ತಿದ್ದೆ. ಎದುರಿನ ಸೀಟಿನವರು ಪುಳಿಯೋಗರೆ ಡಬ್ಬಿ ತೆಗೆದು, ನನಗೂ ಒಂದು ತುತ್ತು ಕೊಡಬೇಕು ಅಂತ ಪ್ರೀತಿಯಿಂದ ಕೈ ಚಾಚಿದರು. ಎಣ್ಣೆ ಎಲ್ಲಿ ಬಿತ್ತು ಅಂತ ಹೇಳಬೇಕಾಗಿಲ್ಲ. ಡ್ರೈ ಕ್ಲೀನಿಂಗಿಗೆ ಕೊಟ್ಟು, ಕುಚ್ಚಿನ ದುಡ್ಡು ತೆಗೆದುಕೊಳ್ಳದೆ, ಮೇಲೆ ಕ್ಷಮೆ ಕೇಳಿ ಬಂದೆ.

ಆಮೇಲೆ ಹೊಳೆದದ್ದು, ಸೀರೆಯೇ ಬೇಕಾಗಿಲ್ಲ. ರೇಷ್ಮೆ ದಾರವನ್ನು ಸುತ್ತಿ, ಕಟ್ಟಿ, ತುದಿ ಕತ್ತರಿಸಿ ಮಾಡುವ ಕುಚ್ಚುಗಳನ್ನು ಬಿಡಿ ಬಿಡಿಯಾಗಿ ರೈಲಿನಲ್ಲಿ ಮಾಡಿ ಡಬ್ಬಿ ತುಂಬಿಸಿ, ಸೆರಗಿಗೆ ಹಾಕುವುದನ್ನು ಮನೆಯಲ್ಲಿ ಮಾಡಿದರೆ ಆಯಿತು. ಕ್ರೋಶ ಕುಚ್ಚು ಕೇಳುವವರಿಗೆ ಮಾತ್ರ ಸೀರೆ ಕೈಯಲ್ಲೇ ಇರಬೇಕು, ಅದನ್ನು ಶನಿವಾರ ಭಾನುವಾರಕ್ಕೆ ಒಪ್ಪಿಕೊಳ್ಳುತ್ತೇನೆ. ಮಣಿ ಹಾಕುವ ಕೆಲಸ ರೈಲಿನಲ್ಲಿ ಖಂಡಿತ ಬೇಡ. ಒಂದು ಸಲ ಚೆಲ್ಲಿದ ಮೇಲೆ ನಿಮಗೇ ಗೊತ್ತಾಗುತ್ತದೆ.

ಬ್ಲೌಸಿನ ಆರಿ ವರ್ಕ್, ಕೋಲಾರ ಚಿಂತಾಮಣಿ ಕಡೆಯವರು ಮಗ್ಗಂ ವರ್ಕ್ ಅನ್ನುತ್ತಾರಲ್ಲ, ಅದಕ್ಕೆ ಸ್ಟ್ಯಾಂಡ್ ಬೇಕು, ಬಟ್ಟೆ ಬಿಗಿಯಾಗಿ ಕಟ್ಟಿರಬೇಕು. ಅದರ ಮಾತೇ ಬೇಡ. ಕೈಯಲ್ಲಿ ಹಿಡಿಯುವ ಪುಟ್ಟ ಹೊಲಿಗೆ ಮಶೀನ್ ಕೊಂಡರೆ ಹೇಗೆ ಅಂತ ಒಬ್ಬರು ಕೇಳಿದ್ದರು. ಕೊಂಡು ನೋಡಿದ್ದೇನೆ. ಬೇಡ.

ಗಾಡಿ ಯಾವುದು ಅನ್ನುವುದರ ಮೇಲೆ

ತುಮಕೂರು ಬೆಂಗಳೂರು ಸುಮಾರು 70 ಕಿಲೋಮೀಟರ್, ದಿನವೂ ಓಡಾಡುವವರು ಸಾವಿರಾರು ಜನ. ಈ ದಾರಿಗೆ ತುಂಡು ಕೌದಿಯೇ ಸರಿ ಅಂತ ಮೇಲೆ ಹೇಳಿದೆ. ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ಗಾಢ ಬಣ್ಣದ ಬಟ್ಟೆ, ಸಂಜೆ ಬೋಗಿಯ ಮಂದ ಬೆಳಕಿಗೆ ತಿಳಿ ಬಣ್ಣದ ಬಟ್ಟೆಯ ಮೇಲೆ ಕೆಂಪೋ ನೀಲಿಯೋ ದಾರ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಸಂಜೆ ಹೊಲಿಯುವವರ ಕಣ್ಣಿಗೆ ನನ್ನ ನಮಸ್ಕಾರ.

ಮಧುಗಿರಿ ಬಸ್ಸಿನಲ್ಲಿ ನಾನು ಸೂಜಿ ತೆಗೆಯುವುದಿಲ್ಲ. ಹಂಪ್ ಬಂದಾಗ ಸೂಜಿ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ತಲೆ ಬಗ್ಗಿಸಿ ಕೂತರೆ ಕೊರಟಗೆರೆ ಬರುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ರಾತ್ರಿಯ ಸ್ಲೀಪರ್ ಬಸ್ಸಿನಲ್ಲಂತೂ ಮಲಗಿ. ಎಲ್ಲ ಪ್ರಯಾಣದಲ್ಲೂ ಹೊಲಿಯಲೇಬೇಕು ಅಂತ ಯಾರೂ ಹೇಳಿಲ್ಲ.

ದಾವಣಗೆರೆ, ಹುಬ್ಬಳ್ಳಿಯಂಥ ಹಗಲಿನ ಉದ್ದ ರೈಲು ಸಿಕ್ಕರೆ ಅದು ಬೇರೆಯೇ ಲೆಕ್ಕ. ತಿಪಟೂರು ದಾಟಿ ಅರಸೀಕೆರೆ ಬರುವ ಹೊತ್ತಿಗೆ ಜನ ಕಮ್ಮಿ ಇದ್ದರೆ ಆರು ಚೌಕ ಜೋಡಿಸಿದ ದೊಡ್ಡ ತುಂಡನ್ನೂ ಹರಡಿಕೊಳ್ಳಬಹುದು. ಪಟ್ಟಿ ಹೆಮ್ಮಿಂಗ್ ಮಾಡುವ ಕೆಲಸವನ್ನು ಇಂಥ ದಿನಕ್ಕೆ ಉಳಿಸಿಕೊಳ್ಳುತ್ತೇನೆ.

ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಮ್ಮಂದಿರು ನಮ್ಮ ಬೀದಿಯಲ್ಲೇ ಮೂರು ಜನ ಇದ್ದಾರೆ. ಮೂವರೂ ಕೇಳುವುದು ವಿಮಾನದಲ್ಲಿ ಬಿಡುತ್ತಾರಾ ಅಂತ. ಅಮೆರಿಕದ ವಿಮಾನ ನಿಲ್ದಾಣಗಳ ನಿಯಮದಲ್ಲಿ ಕೈಚೀಲದಲ್ಲಿ ಕ್ರೋಶ ಕಡ್ಡಿ, ಸ್ವೆಟರ್ ಕಡ್ಡಿ, ಸೂಜಿಗೆ ಅಡ್ಡಿ ಇಲ್ಲ. ಕತ್ತರಿಯಾದರೆ ತಿರುಗುವ ಮೊಳೆಯಿಂದ ತುದಿಯವರೆಗೆ 4 ಇಂಚಿಗಿಂತ ಕಮ್ಮಿ ಇರಬೇಕು. ಆದರೂ ಕೊನೆಯ ಮಾತು ಅಲ್ಲಿ ನಿಂತ ಸಿಬ್ಬಂದಿಯದು. ಹೋಗುವಾಗ ಹತ್ತುವುದು ಇಲ್ಲಿ, ನಡುವೆ ಇಳಿಯುವುದು ಇನ್ನೆಲ್ಲೋ, ಎಲ್ಲರ ನಿಯಮವೂ ಒಂದೇ ಇರುವುದಿಲ್ಲ. ಸುಮ್ನೆ ತಕರಾರು ಯಾಕೆ, ಕತ್ತರಿಯನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿ. ದಾರ ಕತ್ತರಿಸಲು ಹಲ್ಲು ಸಂದಿಗೆ ಬಳಸುವ ಫ್ಲಾಸ್ ಡಬ್ಬಿ ಇಟ್ಟುಕೊಳ್ಳಿ, ಅದರ ಬಾಯಲ್ಲಿರುವ ಪುಟ್ಟ ತಗಡು ಹೊಲಿಗೆ ದಾರವನ್ನು ಚೆನ್ನಾಗಿ ಕತ್ತರಿಸುತ್ತದೆ. ಕೆಲಸ ಮಾತ್ರ ಕ್ರೋಶವೇ ಇರಲಿ. ಸೂಜಿಗೆ ಬಿಟ್ಟರೂ, ಅಷ್ಟು ಇಕ್ಕಟ್ಟಿನ ಸೀಟಿನಲ್ಲಿ ಬಿದ್ದ ಸೂಜಿಯನ್ನು ಹುಡುಕುವುದು ಯಾರು?

ಭಾನುವಾರದ ಒಂದು ಗಂಟೆ

ಇಷ್ಟೆಲ್ಲ ಹೋಲಿಸಿದರೂ ಕೆಲಸ ಸಾಗುತ್ತದೋ ನಿಲ್ಲುತ್ತದೋ ಅನ್ನುವುದು ನಿಂತಿರುವುದು ಇದರ ಮೇಲೆ. ಚೀಲದ ಕೆಲಸ ಚೀಲದಲ್ಲಿ ಹುಟ್ಟುವುದಿಲ್ಲ. ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಕತ್ತರಿಸಿ, ಮೂರು ಪದರ ಸೇರಿಸಿ ಕಚ್ಚಾ ಹೊಲಿಗೆ ಹಾಕಿ, ಸಾಲಿನ ಗೆರೆ ಎಳೆಯುವುದೆಲ್ಲ ಮೇಜು ಬೇಕಾದ ಕೆಲಸ. ಭಾನುವಾರ ಒಂದು ಗಂಟೆ ಅದಕ್ಕೆ ಕೊಡದಿದ್ದರೆ ಸೋಮವಾರ ರೈಲಿನಲ್ಲಿ ಫೋನ್ ನೋಡುತ್ತಾ ಕೂರುತ್ತೀರಿ. ನಾನು ಒಂದು ಗಂಟೆಯಲ್ಲಿ ಎರಡು ಚೌಕ ತಯಾರು ಮಾಡುತ್ತೇನೆ, ವಾರಕ್ಕೆ ಬೇಕಾಗುವುದು ಅಷ್ಟೇ. ಟೈಲರ್ ಅಂಗಡಿಯಿಂದ ಚಿಂದಿ ತರುವವರು ತಂದ ದಿನವೇ ಹತ್ತಿ ಬೇರೆ, ಪಾಲಿಯೆಸ್ಟರ್ ಬೇರೆ ಮಾಡಿಬಿಡಿ. ಜಾರುವ ಬಟ್ಟೆಯ ಚೌಕ ರೈಲಿನ ಅಲುಗಾಟಕ್ಕೆ ನೇರ ನಿಲ್ಲುವುದಿಲ್ಲ.

ಸೂಜಿ ಪೋಣಿಸುವುದೂ ಮನೆಯಲ್ಲೇ. ನಲವತ್ತು ದಾಟಿದ ಕಣ್ಣಿಗೆ ಅಲುಗಾಡುವ ಸೂಜಿಕಣ್ಣು ಸಿಗುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಎಂಟು ಸೂಜಿಗೆ ಒಂದೊಂದು ಮೊಳ ದಾರ ಪೋಣಿಸಿ ಒಂದು ಫ್ಲಾನೆಲ್ ತುಂಡಿಗೆ ಚುಚ್ಚಿಕೊಂಡು ಹೋಗುತ್ತೇನೆ. ಮೊಳಕ್ಕಿಂತ ಉದ್ದ ಬೇಡ. ಎಳೆದಾಗ ಮೊಣಕೈ ಪಕ್ಕದವರ ಮುಖಕ್ಕೆ ಹೋಗುತ್ತದೆ, ದಾರವೂ ಸಿಕ್ಕಾಗುತ್ತದೆ. ಎಂಟು ಸೂಜಿ ಹೋದರೆ ಎಂಟು ವಾಪಸ್ ಬರಬೇಕು, ಇಳಿಯುವ ಮೊದಲು ಎಣಿಸಿ. ಆ ಸೀಟಿನಲ್ಲಿ ನಾಳೆ ಒಂದು ಮಗು ಕೂರುತ್ತದೆ. ದಾರವಿಲ್ಲದ ಬರಿ ಸೂಜಿಯನ್ನು ಕೈಯಲ್ಲಿ ಹಿಡಿಯಲೇಬೇಡಿ, ಬಿದ್ದರೆ ಕಾಣುವುದು ದಾರ, ಸೂಜಿಯಲ್ಲ.

ಇನ್ನು ಒಂದೇ ಸಲ ಎಷ್ಟು ಕೆಲಸ ಹಿಡಿಯಬೇಕು ಅನ್ನುವುದು. ನಾನು ಎರಡಕ್ಕೆ ನಿಲ್ಲಿಸಿದ್ದೇನೆ. ಚೀಲದಲ್ಲಿ ಒಂದು, ಮನೆಯಲ್ಲಿ ಒಂದು. ಮೂರನೆಯದು ಶುರು ಮಾಡಬೇಕು ಅನಿಸಿದಾಗ ಬೀರುವಿನ ಮೇಲಿನ ಸೂಟ್‌ಕೇಸ್ ಕಡೆ ನೋಡುತ್ತೇನೆ.

ಅಂದ ಹಾಗೆ ಅದರಲ್ಲಿದ್ದ ದೊಡ್ಡ ಕೌದಿಯನ್ನು ಹೋದ ತಿಂಗಳು ಕೆಳಗಿಳಿಸಿದೆ. ಟೀ ಕಲೆ ಆದ ಮೂಲೆ ಬಿಟ್ಟು ಉಳಿದದ್ದನ್ನು ಕತ್ತರಿಸಿದೆ. ಕತ್ತರಿಸುವಾಗ ಅಮ್ಮ, "ಅಯ್ಯೋ, ನಿಮ್ಮಜ್ಜಿ ಸೀರೆ ಕಣೇ" ಅಂದರು. ಇಪ್ಪತ್ತೆರಡು ಚೌಕ ಸಿಕ್ಕಿತು. ಮುಂದಿನ ವಾರ ಪುಣೆ ರೈಲಿಗೆ ನಾಲ್ಕು ಚೌಕ ಇಟ್ಟುಕೊಂಡಿದ್ದೇನೆ, ಬೆಳಗಾವಿ ಬರುವಷ್ಟರಲ್ಲಿ ಒಂದಾದರೂ ಮುಗಿಯಬೇಕು.